ಚರಕದ ಒಡೆತನ

ರೇಷ್ಮೆಯಿಂದ ಅರಸರಿಗೆ ಏನು ಬೇಕಾಗಿತ್ತೆಂಬುದು ಬರವಣಿಗೆಯಲ್ಲಿ ಉಳಿದುಬಂದಿದೆ. 1786ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಓಲೆಯೊಂದರಲ್ಲಿ, ಹುಳುಗಳನ್ನು ತರುವುದಕ್ಕಾಗಿ ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬಿಬ್ಬರು ಹಿಂದಿರುಗುತ್ತಿರುವರೆಂದೂ, ಹುಳುಗಳನ್ನು ಎಂಥ ಸ್ಥಳದಲ್ಲಿ ಇರಿಸತಕ್ಕದ್ದೆಂಬುದನ್ನು ಅವರಿಂದಲೇ ಕೇಳಿ ತಿಳಿದು ಅದಕ್ಕೆ ತಕ್ಕ ಏರ್ಪಾಟನ್ನು ಮಾಡಬೇಕೆಂದೂ ಅಪ್ಪಣೆಯಾಗಿದೆ. ದಿವಾನರಿಗೆ ಏನು ಬೇಕಾಗಿತ್ತೆಂಬುದು ಸಂಸ್ಥಾನದ ವರದಿಗಳಲ್ಲಿದೆ. ಸುಂಕದ ಮಂಡಲಿಯವರಿಗೆ, ರೇಷ್ಮೆ ಮಂಡಲಿಯವರಿಗೆ, ವಿಶ್ವಬ್ಯಾಂಕಿನವರಿಗೆ ಏನು ಬೇಕಾಗಿತ್ತೆಂಬುದು ಅವರವರ ದಪ್ಪ ಸಂಪುಟಗಳಲ್ಲಿದೆ. ಆದರೆ ಅರ್ಕಾವತಿಯ ದಡದ ಕಾನಕಾನಹಳ್ಳಿಯಲ್ಲಿ ಮನೆಯ ಹಿತ್ತಲಿನೊಳಗೆ ಒಂದು ಮಣ್ಣಿನ ಒಲೆ ಹೂಡಿ, ಅದರ ಮೇಲೊಂದು ಬಾಣಲೆಯಿಟ್ಟು, ಪಕ್ಕದಲ್ಲೊಂದು ಮರದ ಚರಕವನ್ನು ನಿಲ್ಲಿಸಿ, ಇಷ್ಟಕ್ಕೆ ನಾನು ಒಡೆಯನೆಂದು ಹೇಳಿಕೊಂಡ ಮನುಷ್ಯನಿಗೆ ಆ ಒಡೆತನದಿಂದ ಏನು ಬೇಕಾಗಿತ್ತೆಂದು ವಿಚಾರಿಸಿದವರು ವಿರಳ. ಅವನಂತೂ ಬರೆದಿಡುವ ಗೋಜಿಗೆ ಹೋದವನಲ್ಲ. ಅವನು ಏನನ್ನು ಕೊಂಡ, ಏನನ್ನು ಬೇಡವೆಂದ, ಯಾವಾಗ ಬೆಂಕಿ ಹಚ್ಚಿದ, ಯಾವಾಗ ಆರಿಸಿದ ಎಂಬ ನಡವಳಿಕೆಯಿಂದಲೇ ಅವನ ಅಪೇಕ್ಷೆಯನ್ನು ನಾವು ಊಹಿಸಬೇಕಾಗಿದೆ. ಹಾಗೆ ಊಹಿಸುವುದು ಅಷ್ಟೇನೂ ಕಷ್ಟವಲ್ಲ. ಒಂದು ಶತಮಾನಕ್ಕೂ ಮೀರಿದ ಕಾಲ ಅವನು ಒಂದೇ ಬಗೆಯ ಉತ್ತರವನ್ನು ಕೊಡುತ್ತಲೇ ಬಂದಿದ್ದಾನೆ.

ಕಾನಕಾನಹಳ್ಳಿಯೆಂದರೆ ಇಂದಿನ ಕನಕಪುರ. ಬೆಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 55 ಕಿಲೋಮೀಟರು ದೂರದ ಊರು. ಇಲ್ಲಿಂದ ಮುಂದೆ ಅರ್ಕಾವತಿಯು ಬೆಟ್ಟಗಳ ನಡುವೆ ಇಳಿದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಇಲ್ಲಿಯ ಕೋಟೆ ಚನ್ನಪಟ್ಟಣದ ಜಗದೇವರಾಯನ ಕಾಲದ್ದೆಂದು ಪ್ರತೀತಿ. ಶ್ರೀರಂಗಪಟ್ಟಣದ ಮೇಲೆ ಏರಿಬರುವ ಇಂಗ್ಲಿಷರ ದಂಡಿಗೆ ಆಸರೆಯಾಗದಿರಲೆಂದು ಟಿಪ್ಪುವೇ ಈ ಊರನ್ನು ಎರಡು ಸಲ ಹಾಳುಗೆಡವಿಸಿದನೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ಹಾಗಿದ್ದೂ 1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸನ ಸೈನ್ಯ ಈ ದಾರಿಯಿಂದಲೇ ಮಳವಳ್ಳಿಯ ಕಡೆಗೆ ಸಾಗಿತು. ಹುಳುವನ್ನು ತರಿಸಿ ಈ ಸೀಮೆಗೆ ಒಂದು ಜೀವನೋಪಾಯವನ್ನು ಕೊಟ್ಟ ಪ್ರಭುವೇ ಊರಿಗೆ ಬೆಂಕಿಯನ್ನೂ ಇಡಿಸಿದನೆಂಬುದು ಚರಿತ್ರೆಯ ವಿನೋದಗಳಲ್ಲೊಂದು. ಊರು ಮತ್ತೆ ಎದ್ದಿತು, ಹುಳುವೂ ಉಳಿಯಿತು. ಬಂಡೆಗುಡ್ಡಗಳ ನಡುವಣ ಕೆಂಪು ಹೊಲಗಳಲ್ಲಿ ರಾಗಿಯು ವರ್ಷಕ್ಕೊಮ್ಮೆ ಕೈಗೆ ಬಂದರೆ, ಅದೇ ಹೊಲದ ಅಂಚಿನ ಹಿಪ್ಪುನೇರಳೆಯ ಕಡ್ಡಿಯು ವರ್ಷದಲ್ಲಿ ಐದಾರು ಸಲ ಸೊಪ್ಪು ಕೊಟ್ಟು, ಐದಾರು ಸಲ ಕೈಯಲ್ಲಿ ಕಾಸಾಡುವಂತೆ ಮಾಡುತ್ತಿತ್ತು. ರಾಗಿ ಹೊಟ್ಟೆಗೆ, ರೇಷ್ಮೆ ಕಂದಾಯಕ್ಕೆ, ಮದುವೆಗೆ, ಸಾಲಕ್ಕೆ ಎಂಬ ವಿಭಾಗ ರೈತನ ಮನೆಯಲ್ಲಿ ಹೀಗೆ ಸ್ಥಿರವಾಯಿತು.

ಆದರೆ ನನ್ನ ಪ್ರಸ್ತುತ ವಿಷಯ ಹುಳು ಸಾಕುವ ರೈತನಲ್ಲ. ಅವನ ಗೂಡನ್ನು ಕೊಂಡು ನೂಲು ಬಿಚ್ಚುವವನು. ಇಬ್ಬರ ಕಷ್ಟಗಳೂ ಬೇರೆ, ಇಬ್ಬರ ಕಾಲಗಣನೆಯೂ ಬೇರೆ. ರೈತನು ಇಪ್ಪತ್ತೈದು ಇಪ್ಪತ್ತೆಂಟು ದಿನ ಹುಳು ಪೊರೆ ಬಿಡುವ ‘ಜ್ವರ’ಗಳನ್ನು ಎಣಿಸುತ್ತ, ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆರೋಗಗಳಿಗೆ ಅಂಜುತ್ತ, ನಾಲ್ಕನೆಯ ಜ್ವರ ಎದ್ದ ಹುಳುವಿಗೆ ಹಗಲಿರುಳು ಸೊಪ್ಪು ಸುರಿದು, ಹಣ್ಣಾದ ಹುಳುವನ್ನು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಟ್ಟು ಗೂಡು ಬಿಡಿಸುತ್ತಾನೆ. ಆ ಗೂಡು ರಾಗಿಯಂತೆ ಹಗೇವಿನಲ್ಲಿ ವರ್ಷಗಟ್ಟಲೆ ಕೂಡಿಡತಕ್ಕ ಸರಕಲ್ಲ. ಹತ್ತು ಹನ್ನೆರಡು ದಿನಗಳಾದುವೆಂದರೆ ಒಳಗಿನ ಜೀವ ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ, ಅಖಂಡವಾಗಿದ್ದ ಎಳೆ ತುಂಡುತುಂಡಾಗುತ್ತದೆ, ಬೆಲೆ ಮಣ್ಣುಪಾಲಾಗುತ್ತದೆ. ಆದುದರಿಂದ ರೈತನಿಗೆ ಮಾರುವ ಅವಸರ. ಕೊಳ್ಳುವವನಿಗೆ ಅಷ್ಟು ಅವಸರವಿಲ್ಲವೆಂದು ತೋರಿದರೂ, ಕೊಂಡಮೇಲೆ ಅದೇ ಗಡುವು ಅವನ ಮನೆಯಂಗಳಕ್ಕೆ ದಾಟಿಕೊಳ್ಳುತ್ತದೆ. ಬಿಸಿಲಿಗೋ ಹಬೆಗೋ ಒಡ್ಡಿ ಒಳಗಿನ ಹುಳುವನ್ನು ಕೊಂದರೆ ಕೆಲವು ದಿನಗಳ ಬಿಡುವು ದೊರೆಯುತ್ತದೆ. ಆದರೆ ಬಡ ಒಡೆಯನಿಗೆ ಬಿಡುವು ಎಂದರೆ ಗೂಡಿನಲ್ಲಿ ಸಿಕ್ಕಿಬಿದ್ದ ಹಣ.

ಚರಕದ ಕೆಲಸವನ್ನು ನೋಡದವರಿಗಾಗಿ ಎರಡು ಮಾತು ಹೇಳಬೇಕು. ಒಲೆಯ ಮೇಲೆ ಕುದಿಯುವ ನೀರಿಗೆ ಗೂಡುಗಳನ್ನು ಹಾಕಿ, ಕಡ್ಡಿಯಿಂದ ತಿರುವಿ, ಅಂಟು ಕರಗಿ ಬಿಟ್ಟುಕೊಂಡ ಎಳೆಗಳ ತುದಿಯನ್ನು ಬೆರಳಿನಿಂದ ಹಿಡಿದು, ಏಳೆಂಟು ಗೂಡುಗಳ ಎಳೆಗಳನ್ನು ಒಂದಾಗಿ ಕೂಡಿಸಿ, ಸಣ್ಣ ರಂಧ್ರವೊಂದರ ಮೂಲಕ ಮೇಲೆಳೆದು ಚರಕದ ಚಕ್ರಕ್ಕೆ ಸುತ್ತಬೇಕು. ಒಬ್ಬರು ಬಾಣಲೆಯ ಮುಂದೆ, ಇನ್ನೊಬ್ಬರು ಚಕ್ರದ ಹಿಡಿಯಲ್ಲಿ. ಒಂದು ಗೂಡು ತೀರಿದೊಡನೆ ಇನ್ನೊಂದನ್ನು ಸೇರಿಸಬೇಕು. ಸೇರಿಸುವುದು ತಡವಾದರೆ ನೂಲು ತೆಳುವಾಗುತ್ತದೆ, ಹೆಚ್ಚಾಗಿ ಸೇರಿಸಿದರೆ ದಪ್ಪವಾಗುತ್ತದೆ. ಹೀಗೆ ಬಂದ ಚರಕದ ನೂಲು ಒರಟು, ಏಕರೂಪವಿಲ್ಲದ್ದು, ಮಗ್ಗದ ಹಾಸಿಗೆ ಒದಗದು. ಆದರೆ ಕೈಮಗ್ಗದ ಸೀರೆಯ ಹೊಕ್ಕಿಗೆ ಅದು ಬೇಕಾದಷ್ಟಾಯಿತು. ಇದಲ್ಲದೆ ಎರಡು ಹುಳು ಕೂಡಿ ಕಟ್ಟಿದ ಜೋಡಿಗೂಡು, ಕಲೆಬಿದ್ದ ಗೂಡು, ತೆಳುಗೂಡು ಮೊದಲಾಗಿ ದೊಡ್ಡ ಯಂತ್ರಗಳು ಮುಟ್ಟಲೊಲ್ಲದವುಗಳನ್ನೆಲ್ಲ ಚರಕವು ಬಿಚ್ಚಬಲ್ಲುದು. ಈ ಎರಡು ಗುಣಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ತಾನಾಗಿ ಅರ್ಥವಾಗುತ್ತದೆ.

ರೈಲುಮಾರ್ಗವೆಂಬುದು ಊರುಗಳ ಹಣೆಬರಹವನ್ನು ತಿದ್ದುವ ವಸ್ತು. ಬೆಂಗಳೂರಿನಿಂದ ಮೈಸೂರಿಗೆ 1880ರ ದಶಕದ ಆದಿಯಲ್ಲಿ ರೈಲು ಬಂದಾಗ ಅದು ಕ್ಲೋಸ್‌ಪೇಟೆಯನ್ನೂ, ಎಂದರೆ ಇಂದಿನ ರಾಮನಗರವನ್ನೂ, ಚನ್ನಪಟ್ಟಣವನ್ನೂ ಹಾದುಹೋಯಿತು; ಕಾನಕಾನಹಳ್ಳಿಯನ್ನು ಪೂರ್ವಕ್ಕೆ ಬಿಟ್ಟುಬಿಟ್ಟಿತು. ಇಂದಿಗೂ ಕನಕಪುರಕ್ಕೆ ರೈಲಿಲ್ಲ. ರೇಷ್ಮೆಗೆ ಸಂಬಂಧಿಸಿದ ದೊಡ್ಡ ಸಂಸ್ಥೆಗಳಲ್ಲಿ ಹಲವು ಆ ಕಬ್ಬಿಣದ ಹಾದಿಯ ಮಗ್ಗುಲಿಗೇ ಬಂದುವು: ಸರ್ಕಾರದ ರೇಷ್ಮೆ ಫಾರಮ್ಮು ಚನ್ನಪಟ್ಟಣದಲ್ಲಿ, ಬಿಚ್ಚಲು ಬಾರದ ಸಿಕ್ಕುನೂಲನ್ನೂ ತೂತುಗೂಡುಗಳನ್ನೂ ಹಿಂಜಿ ನೂಲುವ ಸ್ಪನ್ ಸಿಲ್ಕ್ ಗಿರಣಿ 1936ರಲ್ಲಿ ಚನ್ನಪಟ್ಟಣದಲ್ಲಿಯೇ, ಏಷ್ಯಾಖಂಡಕ್ಕೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದಲ್ಲಿ. ಕಾನಕಾನಹಳ್ಳಿಗೆ ಉಳಿದದ್ದು ಗಾಡಿ, ಆಮೇಲೆ ಬಸ್ಸು, ಮತ್ತು ಮನೆಮನೆಯ ಒಲೆ. ಇದನ್ನು ಊರಿನ ದೌರ್ಭಾಗ್ಯವೆಂದು ಹೇಳುವವರುಂಟು. ದೊಡ್ಡ ಬಂಡವಾಳ ಬಾರದ ಊರಿನಲ್ಲಿ ಸಣ್ಣ ಒಡೆಯರು ಬಹುಕಾಲ ಬದುಕುತ್ತಾರೆಂಬುದನ್ನೂ ಅವರು ಜೊತೆಗೆ ಗಣಿಸಬೇಕು.

ಅಷ್ಟರಲ್ಲಿ ದೊಡ್ಡವರ ಅಪೇಕ್ಷೆಗಳು ಬೆಳೆಯುತ್ತಿದ್ದುವು. 1860ರ ದಶಕದಲ್ಲಿ ಹುಳುಗಳಿಗೆ ರೋಗ ತಗುಲಿ ಕಸುಬು ಕುಸಿದಾಗ, ದೆ ವೆಕ್ಕಿ ಎಂಬ ಇಟಲಿಯ ಮಹನೀಯನು ಜಪಾನಿನಿಂದ ಮೊಟ್ಟೆಗಳನ್ನು ತರಿಸಿ, ಬೆಂಗಳೂರಿನಲ್ಲಿ ನೂಲು ಬಿಚ್ಚುವ ಕಾರ್ಖಾನೆಯನ್ನು ನಡೆಸಿ ನೋಡಿದನು. ಆ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ಫಾರಮ್ಮೊಂದನ್ನು ತೆರೆದರು. ಬಸವನಗುಡಿಯ ಬಳಿಯ ಆ ಸ್ಥಳಕ್ಕೆ ಆ ಫಾರಮ್ಮಿನ ಹೆಸರೇ ಇಂದಿಗೂ ನಿಂತಿದೆ. 1911ರಲ್ಲಿ ಮೈಸೂರಿನ ಆರ್ಥಿಕ ಸಮ್ಮೇಳನ ಆರಂಭವಾಯಿತು. ಮರುವರ್ಷ ವಿಶ್ವೇಶ್ವರಯ್ಯನವರು ದಿವಾನರಾದರು. ಅದೇ 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಸ್ಥಾಪಿತವಾಯಿತು. 1913ರ ಸುಮಾರಿಗೆ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ಕರೆಸಿ ರೇಷ್ಮೆಯ ಇಲಾಖೆಗೆ ತಳಹದಿ ಹಾಕಿಸಲಾಯಿತು. ಮುಂದೆ ಆ ಇಲಾಖೆಯ ಮುಖ್ಯಾಧಿಕಾರಿಗಳಾದವರು ನವರತ್ನ ರಾಮರಾಯರು. ‘ಕೆಲವು ನೆನಪುಗಳು’ ಎಂಬ ಗ್ರಂಥದಿಂದ ಕನ್ನಡಿಗರಿಗೆ ಚಿರಪರಿಚಿತರಾದ ಅಂಥ ರಸಿಕರ ಕೈಯಲ್ಲಿ ಹುಳುವಿನ ಆಡಳಿತ ಕೆಲವು ಕಾಲ ಇತ್ತೆಂಬುದು ನಮ್ಮ ಸಂಸ್ಥಾನಕ್ಕೇ ಒಪ್ಪುವ ಮಾತು.

ಈ ಮಹನೀಯರ ಉದ್ದೇಶಗಳೆಲ್ಲವೂ ಘನವಾದುವುಗಳೇ. ಮೈಸೂರಿನ ನೂಲು ಇಟಲಿ ಜಪಾನುಗಳ ನೂಲಿಗೆ ಸಮನಾಗಬೇಕು. ಎಳೆ ಒಂದೇ ಸಮನಾಗಿರಬೇಕು. ಅದಕ್ಕಾಗಿ ಒಲೆಯ ಬದಲು ಬಾಯ್ಲರು, ಚರಕದ ಬದಲು ಫಿಲೇಚರೆಂಬ ನೂಲು ಬಿಚ್ಚುವ ಯಂತ್ರ, ಹಿತ್ತಲಿನ ಬದಲು ಕಾರ್ಖಾನೆ. ಚರಕದವನು ಇದೆಲ್ಲವನ್ನೂ ಕೇಳಿಸಿಕೊಂಡನು, ನೋಡಿಯೂ ಬಂದನು, ಬಹುಮಟ್ಟಿಗೆ ಬೇಡವೆಂದನು. ಅದು ಅಜ್ಞಾನವೆಂದೂ ಜಾಡ್ಯವೆಂದೂ ಅಧಿಕಾರಿಗಳಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕಹಾಕಿ ನೋಡಿದರೆ ಅವನ ನಿರಾಕರಣೆಯಲ್ಲಿ ಒಂದು ವಿವೇಕವಿತ್ತೆಂಬುದು ಗೋಚರವಾಗುತ್ತದೆ. ಫಿಲೇಚರಿಗೆ ಹಾಕಿದ ಬಂಡವಾಳ ಪ್ರತಿದಿನವೂ ಬಡ್ಡಿ ಕೇಳುತ್ತದೆ; ಅಲ್ಲಿ ಬೆಂಕಿಯನ್ನು ಆರಿಸುವುದೇ ನಷ್ಟ. ಮಣ್ಣಿನ ಒಲೆಯು ಏನನ್ನೂ ಕೇಳುವುದಿಲ್ಲ. ಗೂಡಿನ ಬೆಲೆ ಏರಿ ನೂಲಿನ ಬೆಲೆ ಇಳಿದ ದಿನ ಅವನು ಒಲೆಯನ್ನು ಆರಿಸಿ, ಗಾಡಿ ಹೊಡೆಯುವುದಕ್ಕೋ, ಸೌದೆ ಮಾರುವುದಕ್ಕೋ, ಸಂತೆಯಲ್ಲಿ ಸಣ್ಣ ವ್ಯಾಪಾರಕ್ಕೋ ಹೋಗಬಲ್ಲವನಾಗಿದ್ದನು. ಬೆಲೆ ತಿರುಗಿದ ದಿನ ಹಿಂದಿರುಗಿ ಬಂದು ಅದೇ ಒಲೆಯನ್ನು ಹೊತ್ತಿಸಬಲ್ಲವನಾಗಿದ್ದನು.

ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಈ ಗುಣ ಪರೀಕ್ಷೆಗೊಳಗಾಯಿತು. ಚೀನಾ ಜಪಾನುಗಳ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಪ್ರವಾಹದಂತೆ ನುಗ್ಗಿ, 1930ರ ಆಚೀಚೆಗೆ ಮೈಸೂರಿನ ನೂಲನ್ನು ಕೇಳುವವರು ಇಲ್ಲವಾದರು; ರೈತರು ಹಿಪ್ಪುನೇರಳೆಯನ್ನು ಕಿತ್ತು ಮತ್ತೆ ರಾಗಿ ಬಿತ್ತಿದರು. 1933ರಲ್ಲಿ ಭಾರತದ ಸುಂಕದ ಮಂಡಲಿಯು ವಿಚಾರಣೆ ನಡೆಸಿತು. 1934ರಲ್ಲಿ ರಕ್ಷಣಾಸುಂಕ ಬಂದಿತು. ಅಷ್ಟರವರೆಗೆ ಕಾನಕಾನಹಳ್ಳಿಯಂಥ ಊರುಗಳಲ್ಲಿ ಕಸುಬು ಸಾಯದೆ ಉಳಿದುದು ಯಾವುದೇ ಸುಂಕದ ಬಲದಿಂದಲ್ಲ. ಆರಿದರೂ ಸಾಯದ ಆ ಒಲೆಗಳ ಬಲದಿಂದ. ಆಮೇಲೆ ಎರಡನೆಯ ಮಹಾಯುದ್ಧ ಬಂದು ಜಪಾನಿನ ರೇಷ್ಮೆ ನಿಂತುಹೋಗಿ, ಸೈನಿಕರ ಪ್ಯಾರಾಷೂಟುಗಳಿಗೆ ನಮ್ಮ ನೂಲು ಬೇಕಾಗಿ, ಬೆಲೆಗಳು ಯಾರೂ ಕಂಡರಿಯದಷ್ಟು ಏರಿದುವು. ಒಳ್ಳೆಯ ಕಾಲ ಬಂದಾಗ ಮನುಷ್ಯನ ಅಪೇಕ್ಷೆ ಬದಲಾಗುತ್ತದೆಯೆ? ಕೆಲವರಿಗೆ ಬದಲಾಯಿತು. ಬಂದ ಹಣದಿಂದ ಒಲೆಗಳನ್ನೂ ಕೂಲಿಯವರನ್ನೂ ಹೆಚ್ಚಿಸಿದರು; ಯುದ್ಧ ಮುಗಿದೊಡನೆ ಬೆಲೆಗಳು ಕುಸಿದಾಗ ಅವರೇ ಮೊದಲು ಮುಳುಗಿದರು. ಹಣವನ್ನು ಮನೆಗೆ ಹಂಚು ಹೊದಿಸುವುದಕ್ಕೂ, ಮಗಳ ಮದುವೆಗೂ, ತುಂಡು ಹೊಲಕ್ಕೂ ಹಾಕಿ ಎರಡು ಚರಕಗಳನ್ನು ಎರಡಾಗಿಯೇ ಉಳಿಸಿಕೊಂಡವರಿಗೆ ಆ ಕುಸಿತ ಅಷ್ಟಾಗಿ ತಗುಲಲಿಲ್ಲ. 1949ರಲ್ಲಿ ಕೇಂದ್ರ ರೇಷ್ಮೆ ಮಂಡಲಿ ಏರ್ಪಟ್ಟುದು ಈ ಯುದ್ಧೋತ್ತರ ದುರ್ದೆಸೆಯ ಹಿನ್ನೆಲೆಯಲ್ಲಿ.

ನಮ್ಮ ಸೀಮೆಯಲ್ಲಿ ಕೆಲಸಕ್ಕೆ ಹೊರಟ ಹುಡುಗನಿಗೆ ಹಿರಿಯರು ಹೇಳುವ ಒಂದು ಮಾತುಂಟು: “ಚಿಕ್ಕದಾದರೂ ಸ್ವಂತದ್ದೊಂದು ಇರಲಿ.” ಸ್ವಂತದ್ದು ಎಂಬುದರಲ್ಲಿ ಅಡಗಿರುವ ಆಸೆಗಳು ಒಂದಲ್ಲ. ಒಬ್ಬರ ಕೈಕೆಳಗೆ ನಿಲ್ಲದಿರುವುದು, ಮನೆಯ ಹೆಂಗಸರೂ ಮನೆಯಲ್ಲಿದ್ದುಕೊಂಡೇ ದುಡಿಯುವಂತಾಗುವುದು, ಮಗನಿಗೆ ಒಂದು ಕಸುಬು ಕೊಟ್ಟುಹೋಗುವುದು, ಬೀದಿಯಲ್ಲಿ ನಾಲ್ವರು ಹೆಸರು ಹಿಡಿದು ಕರೆಯುವಂತಾಗುವುದು, ಕೊನೆಗೆ ಹಣ. ಈ ಆಸೆಗಳೆಲ್ಲವೂ ಒಂದೇ ಗೂಟಕ್ಕೆ ಕಟ್ಟಿದ ದನಗಳಲ್ಲ. ಒಂದೊಂದೂ ಒಂದೊಂದು ಕಡೆಗೆ ಎಳೆಯುತ್ತದೆ. ಹಣವನ್ನು ಮುಂದಿಟ್ಟುಕೊಂಡವನು ಒಲೆಗಳನ್ನು ಹೆಚ್ಚಿಸಬೇಕು. ಹೆಚ್ಚಿಸಿದವನು ಸಾಲ ತೆಗೆಯಬೇಕು. ಸಾಲ ತೆಗೆದವನು ಒಬ್ಬರ ಕೈಕೆಳಗೆ ನಿಲ್ಲದಿರುವ ಮಾತನ್ನು ಮರೆಯಬೇಕು. ಕಾನಕಾನಹಳ್ಳಿಯ ಚರಕದವನು ಈ ವಿಷಯವನ್ನು ತರ್ಕದಿಂದ ಕಲಿತವನಲ್ಲ, ಪೆಟ್ಟು ತಿಂದು ಕಲಿತವನು. ಆದರೂ ಅವನು ಕಲಿತದ್ದು ಸ್ಪಷ್ಟವಾಗಿತ್ತು. ಒಲೆಯನ್ನು ಹಚ್ಚುವ ಅಧಿಕಾರಕ್ಕಿಂತಲೂ ಆರಿಸುವ ಅಧಿಕಾರವನ್ನೇ ಅವನು ತನ್ನ ಒಡೆತನದ ಸಾರವೆಂದು ಎಣಿಸಿದಂತೆ ನನಗೆ ತೋರುತ್ತದೆ.

ಇಲ್ಲಿ ಚನ್ನಪಟ್ಟಣದ ಒಂದು ಹಳೆಯ ಕಸುಬು ನೆನಪಿಗೆ ಬರುತ್ತದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಊರಿನಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದುದನ್ನೂ, ಆ ತಂತಿಗೆ ಭರತಖಂಡದ ದೂರದೂರದ ಊರುಗಳಲ್ಲಿ ಬೇಡಿಕೆಯಿದ್ದುದನ್ನೂ ಬರೆದಿಟ್ಟಿದ್ದಾನೆ. ಅಷ್ಟು ಕೀರ್ತಿಯಿದ್ದ ಆ ಕಸುಬು ಇಂದು ಇಲ್ಲ. ಕೀರ್ತಿಯೇ ಇಲ್ಲದ ಒರಟು ನೂಲಿನ ಚರಕ ಅದಕ್ಕಿಂತ ಬಹುಕಾಲ ಬಾಳಿತು. ಶ್ರೇಷ್ಠವಾದುದೇ ಉಳಿಯುತ್ತದೆಂದು ನಂಬಿರುವ ನಮ್ಮಂಥವರಿಗೆ ಇದು ಅಷ್ಟೇನೂ ರುಚಿಸುವ ಸಂಗತಿಯಲ್ಲ.

ಇಷ್ಟು ಹೇಳಿ ಚರಕದ ಒಡೆಯನನ್ನು ಕೊಂಡಾಡಿ ಬಿಟ್ಟುಬಿಟ್ಟರೆ ಅರ್ಧಸತ್ಯವಾಗುತ್ತದೆ. ಅವನಿಗೆ ಬೇಕಾಗಿದ್ದುದು ಸ್ವಾತಂತ್ರ್ಯವೇ ಆಗಿದ್ದರೂ, ದೊರೆತದ್ದು ಎಷ್ಟೋ ವೇಳೆ ಮುಂಗಡ. ಗೂಡು ಕೊಳ್ಳಲು ರೊಕ್ಕ ಕೈಯಲ್ಲಿಯೇ ಇರಬೇಕು. ನೂಲು ಮಾರಿದ ಹಣ ಕೈಸೇರಲು ದಿನಗಳು ಹಿಡಿಯುತ್ತವೆ. ಈ ನಡುವಣ ಕಂದಕಕ್ಕೆ ಸೇತುವೆ ಹಾಕಿದವರು ಬೆಂಗಳೂರಿನ ನೂಲಿನ ವರ್ತಕರು. ಅವರು ಮುಂಗಡ ಕೊಟ್ಟರು. ಕೊಟ್ಟವರಿಗೇ ನೂಲು ಹಾಕಬೇಕು, ಅವರು ಹೇಳಿದುದೇ ಬೆಲೆ. ಒಡೆಯನು ಅದೇ ಮುಂಗಡದ ಒಂದು ಪಾಲನ್ನು ಕೆಳಕ್ಕೆ ಇಳಿಸಿ, ಬಾಣಲೆಯ ಮುಂದೆ ಕುಳಿತುಕೊಳ್ಳುವ ಹೆಂಗಸಿಗೂ ಚಕ್ರ ತಿರುಗಿಸುವ ಹುಡುಗನಿಗೂ ಕೊಟ್ಟನು. ತೀರಿಸುವವರೆಗೆ ಅವರು ಬೇರೊಬ್ಬರ ಒಲೆಗೆ ಹೋಗುವಂತಿಲ್ಲ. ಮೇಲಿನವನಿಗೆ ತಾನು ಎಷ್ಟು ಕಟ್ಟುಬಿದ್ದಿದ್ದನೋ ಅಷ್ಟನ್ನೇ ಕೆಳಗಿನವರ ಕುತ್ತಿಗೆಗೂ ಕಟ್ಟಿದನು. ಬಿಸಿನೀರಿನಲ್ಲಿ ದಿನವೆಲ್ಲ ಅದ್ದಿದ ಬೆರಳುಗಳ ಚರ್ಮ ಬಿರಿಯುವುದು, ಸತ್ತ ಹುಳುಗಳ ವಾಸನೆ ಬೆರೆತ ಹಬೆಯಲ್ಲಿ ಉಸಿರು ಕಟ್ಟುವುದು, ಇವು ಒಡೆಯನ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಉಳಿದ ಖರ್ಚುಗಳು. ರೇಷ್ಮೆಯ ಕಸುಬಿನಲ್ಲಿ ಮುಂಗಡಕ್ಕೆ ಕಟ್ಟುಬಿದ್ದು ದುಡಿಯುವ ಮಕ್ಕಳ ವಿಷಯವಾಗಿ 1996ರಲ್ಲಿಯೂ 2003ರಲ್ಲಿಯೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪ್ರಕಟಿಸಿದ ವರದಿಗಳಲ್ಲಿ ಕರ್ನಾಟಕದ ಹೆಸರು ಬಂದದ್ದು ನಮಗೆ ಗೌರವ ತರುವ ಮಾತಲ್ಲ. ಯಾವಾಗ ಬೇಕಾದರೂ ಬೆಂಕಿ ಆರಿಸುವ ಸ್ವಾತಂತ್ರ್ಯ ಒಡೆಯನದು. ಆರಿಸಿದ ದಿನ ಹಸಿದಿರಬೇಕಾದ ಪಾಡು ಆ ಹೆಂಗಸಿನದು. ಸಣ್ಣ ಉದ್ಯಮದ ಗುಣಗಾನ ಮಾಡುವವರು ಈ ಪಾಡನ್ನು ಸಾಮಾನ್ಯವಾಗಿ ಮರೆಯುತ್ತಾರೆ, ಪ್ರಾಯಶಃ ಅವರು ಒಡೆಯನೊಂದಿಗೆ ಮಾತ್ರ ಮಾತಾಡಿ ಬಂದಿರುವುದರಿಂದ.

ಸರ್ಕಾರವು ಈ ಸರಪಳಿಯ ಒಂದು ಕೊಂಡಿಯನ್ನು ನಿಜವಾಗಿಯೂ ಸಡಿಲಿಸಿತೆಂದು ಒಪ್ಪಬೇಕು. 1959ರಲ್ಲಿ ಮೊಟ್ಟೆ ಮತ್ತು ಗೂಡುಗಳ ಉತ್ಪಾದನೆ, ಹಂಚಿಕೆಗಳನ್ನು ನಿಯಂತ್ರಿಸುವ ಶಾಸನ ಬಂದಿತು. ಅದಕ್ಕೆ ಹಿಂದೆ ರೈತನ ಮನೆಯ ಬಾಗಿಲಲ್ಲಿ, ದಲ್ಲಾಳಿಯ ತಕ್ಕಡಿಯಲ್ಲಿ ನಡೆಯುತ್ತಿದ್ದ ವ್ಯಾಪಾರ ಕ್ರಮೇಣ ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ಬಂದಿತು. ಕೊಳ್ಳುವವನಿಗೆ ಪರವಾನಗಿ ಬೇಕಾಯಿತು. ಕನಕಪುರಕ್ಕೂ ತನ್ನದೇ ಆದ ಗೂಡಿನ ಮಾರುಕಟ್ಟೆ ಬಂದಿತು. 1979ರಲ್ಲಿ ನೂಲಿನ ಕಡೆಗೂ ಸರ್ಕಾರ ಕೈಚಾಚಿ ರೇಷ್ಮೆ ಮಾರಾಟ ಮಂಡಲಿಯನ್ನು ಸ್ಥಾಪಿಸಿತು. ವರ್ತಕನ ಮಾತೇ ಬೆಲೆಯೆಂಬ ಕಾಲ ಪೂರ್ಣವಾಗಿ ಹೋಗಲಿಲ್ಲವಾದರೂ, ಅವನ ಮಾತಿನೊಂದಿಗೆ ಹೋಲಿಸಿ ನೋಡಲು ಇನ್ನೊಂದು ಬೆಲೆ ಉಂಟಾಯಿತು.

ಹರಾಜಿನ ಮಾರುಕಟ್ಟೆಯಲ್ಲಿ ಒಡೆಯನ ಅಪೇಕ್ಷೆ ಪ್ರತಿ ಬೆಳಿಗ್ಗೆಯೂ ಪರೀಕ್ಷೆಗೆ ನಿಲ್ಲುತ್ತದೆ. ಸಾಲಾಗಿ ಸುರಿದ ಲಾಟುಗಳ ನಡುವೆ ರೀಲರು, ಎಂದರೆ ನೂಲು ಬಿಚ್ಚುವ ಒಡೆಯ, ನಡೆಯುತ್ತಾನೆ. ಒಂದು ಹಿಡಿ ಗೂಡನ್ನು ಎತ್ತಿ ಅಮುಕಿ ಗಟ್ಟಿತನ ನೋಡುತ್ತಾನೆ, ಒಂದನ್ನು ಕಿವಿಯ ಬಳಿ ಅಲ್ಲಾಡಿಸುತ್ತಾನೆ, ಕಲೆಗೂಡುಗಳನ್ನು ಕಣ್ಣಳತೆಯಲ್ಲಿ ಎಣಿಸುತ್ತಾನೆ. ಅವನ ಮನಸ್ಸಿನಲ್ಲಿ ಓಡುತ್ತಿರುವ ಅಂಕೆಯನ್ನು ಈ ಕಸುಬಿನವರು ರೆಂಡಿಟ್ಟ ಎನ್ನುತ್ತಾರೆ: ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕೆಂಬ ಲೆಕ್ಕ. 56 ಕಿಲೋ ಗೂಡು ಕೊಂಡನೆನ್ನಿ. ರೆಂಡಿಟ್ಟ 7 ಆದರೆ 8 ಕಿಲೋ ನೂಲು. 8 ಆದರೆ 7 ಕಿಲೋ. ಆ ಒಂದು ಕಿಲೋ ನೂಲಿನ ಅಂತರದೊಳಗೇ ಸೌದೆ, ಕೂಲಿ, ಬಾಡಿಗೆ, ಲಾಭಗಳು ಅಡಗಿರುತ್ತವೆ. ಕೈಯ ಅಂದಾಜು ಒಂದಿಷ್ಟು ತಪ್ಪಿದರೆ ದಿನದ ದುಡಿಮೆ ಮಾರುಕಟ್ಟೆಯಲ್ಲಿಯೇ ಮುಗಿದುಹೋಗುತ್ತದೆ. ಬೆಲೆ ಏರಿದ ದಿನ ಕೊಳ್ಳಬೇಕೆ, ಬರಿಗೈಯಲ್ಲಿ ಮನೆಗೆ ಹೋಗಬೇಕೆ? ಲಾಭವನ್ನೇ ನೆಚ್ಚಿದವನು ಹಿಂದಿರುಗುತ್ತಾನೆ. ಬಾಣಲೆಯ ಮುಂದಿನವರು ನಾಳೆ ಬೇರೆಡೆಗೆ ಹೋದಾರೆಂದು ಅಂಜುವವನು ನಷ್ಟವೆಂದು ತಿಳಿದೂ ಕೂಗುತ್ತಾನೆ. ನಿನ್ನೆ ಕೂಗಿದವನೊಂದಿಗೆ ಇಂದು ಸೋಲಬಾರದೆಂಬ ಹಟಕ್ಕೆ ಕೂಗುವವನೂ ಉಂಟು. ಅವನ ಉದ್ಯಮಕ್ಕೆ ಬೇಕಾಗಿರುವುದು ಗೂಡಲ್ಲ, ಮರ್ಯಾದೆ. ತನಗೆ ಇದರಿಂದ ಏನು ಬೇಕೆಂಬುದನ್ನು ಮನೆಯಲ್ಲಿಯೇ ನಿರ್ಧರಿಸಿಕೊಂಡು ಬಂದವನ ಮುಖ ಹರಾಜಿನ ಹೊತ್ತಿನಲ್ಲಿ ಶಾಂತವಾಗಿರುತ್ತದೆ; ಅಂಥ ಮುಖಗಳು ಹೆಚ್ಚೇನೂ ಇರುವುದಿಲ್ಲ.

ಕನಕಪುರ, ರಾಮನಗರ, ಚನ್ನಪಟ್ಟಣಗಳ ರೀಲರುಗಳಲ್ಲಿ ಬಹುಪಾಲು ಮುಸಲ್ಮಾನರು. ಗೂಡು ತರುವ ರೈತರಲ್ಲಿ ಹೆಚ್ಚಿನವರು ಒಕ್ಕಲಿಗರು. ತೂಕದಲ್ಲಿಯೂ ಬೆಲೆಯಲ್ಲಿಯೂ ಜಗಳವಾಡುತ್ತ, ಒಬ್ಬರಿಲ್ಲದೆ ಇನ್ನೊಬ್ಬರು ವಾರ ಕಳೆಯಲಾರದೆ, ಈ ಎರಡು ಸಮಾಜಗಳು ತಲೆಮಾರುಗಳಿಂದ ಪರಸ್ಪರರ ಮನೆಯ ಮದುವೆಗಳ ಖರ್ಚನ್ನು ಹೊರುತ್ತ ಬಂದಿವೆ. ಭಾಷಣಗಳಲ್ಲಿ ಹೇಳುವ ಸೌಹಾರ್ದಕ್ಕಿಂತ ಈ ನಿತ್ಯದ ಚೌಕಾಸಿ ಗಟ್ಟಿಯಾದುದೆಂದು ನನ್ನ ಎಣಿಕೆ.

1980ರಿಂದೀಚೆಗೆ ಬದಲಾವಣೆಗಳ ವೇಗ ಹೆಚ್ಚಿತು. ಆ ವರ್ಷ ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ರೇಷ್ಮೆ ಯೋಜನೆ ಬಂದಿತು. ಅದೇ ವರ್ಷ ಬಂಗಾಳದ ಕಡೆಯಿಂದ ಹುಳುಗಳನ್ನು ಕೊಲ್ಲುವ ಊಜಿನೊಣವೂ ಕರೆಯದೆ ಬಂದಿತು. 1991ರಿಂದ ಜಪಾನಿನ ಸಹಕಾರದೊಡನೆ ದ್ವಿತಳಿ ಹುಳುಗಳ ಪ್ರಸಾರವಾಗಿ, ಮುನ್ನೂರು ನಾನೂರು ಮೀಟರಿನ ಎಳೆಯ ಹಳೆಯ ಮೈಸೂರು ಗೂಡಿನ ಪಕ್ಕದಲ್ಲಿ ಸಾವಿರ ಮೀಟರಿನ ಎಳೆಯ ಬಿಳಿಗೂಡು ಬಂದು ಕುಳಿತಿತು. ಚರಕದವರಲ್ಲಿ ಅನೇಕರು ಈ ನಡುವೆ ಕಾಟೇಜ್ ಬೇಸಿನ್ನಿಗೆ ಏರಿದ್ದರು: ಸಣ್ಣದೊಂದು ಷೆಡ್ಡು, ವಿದ್ಯುತ್ತಿನ ಮೋಟಾರು, ಹಲವು ಎಳೆಗಳನ್ನು ಒಮ್ಮೆಗೇ ಸುತ್ತುವ ಬೇಸಿನ್ನುಗಳು. ಇದು ಫಿಲೇಚರೂ ಅಲ್ಲ, ಚರಕವೂ ಅಲ್ಲ. ನೂಲು ಮೇಲ್ತರದ್ದು, ಆದರೂ ಬೇಕಾದಾಗ ನಿಲ್ಲಿಸಬಹುದಾದದ್ದು. ದಿವಾನರ ಕಾಲದಿಂದ ತಜ್ಞರು ಹೇಳುತ್ತ ಬಂದ ಸುಧಾರಣೆಯನ್ನು ಸಣ್ಣ ಒಡೆಯನು ಕೊನೆಗೂ ಸ್ವೀಕರಿಸಿದನು, ತನಗೆ ಬೇಕಾದ ಅಳತೆಗೆ ಅದು ಇಳಿದುಬಂದಮೇಲೆ. 2011ರ ಕೇಂದ್ರದ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಬಿದ್ದು ರೈತರು ಬೀದಿಗಿಳಿದರು. ಕೂಡಿಟ್ಟ ನೂಲಿನ ಬೆಲೆ ರಾತ್ರಿ ಬೆಳಗಾಗುವುದರೊಳಗೆ ಕರಗಿದ್ದನ್ನು ರೀಲರುಗಳೂ ನೋಡಿದರು. ಕೂಡಿಡದವರು, ಎಂದರೆ ಅಂದಿನ ಗೂಡನ್ನು ಅಂದೇ ಬಿಚ್ಚಿ ಮಾರಿದ ಬಡವರು, ಈ ಸಲವೂ ಕಡಿಮೆ ಕಳೆದುಕೊಂಡರು.

ಈಚೆಗೆ ಆಟೋಮ್ಯಾಟಿಕ್ ರೀಲಿಂಗ್ ಮೆಷಿನ್ನುಗಳು ನಮ್ಮ ಸೀಮೆಗೂ ಬಂದಿವೆ. ಸರ್ಕಾರದ ಸಹಾಯಧನವೂ ಉಂಟು. ಎಳೆ ತೆಳುವಾದುದನ್ನು ಯಂತ್ರವೇ ಅರಿತು ಹೊಸ ಗೂಡನ್ನು ಸೇರಿಸಿಕೊಳ್ಳುತ್ತದೆ. ಮಾರಿಯವರ ಕಾಲದಿಂದ ಬಯಸಿದ ಏಕರೂಪದ ಹಾಸುನೂಲು ಕಡೆಗೂ ನಮ್ಮಲ್ಲಿಯೇ ತಯಾರಾಗುತ್ತಿದೆ. ಇದು ಸಂತೋಷದ ವಿಷಯ. ಇದರಲ್ಲಿ ಕೂಲಿಯವರ ಬೆರಳು ಬೇಯುವುದೂ ಕಡಿಮೆ. ಆದರೆ ಅದು ದಿನಕ್ಕೆ ನೂರಾರು ಕಿಲೋ ಒಳ್ಳೆಯ ಬಿಳಿಗೂಡನ್ನು ಕೇಳುತ್ತದೆ, ಬ್ಯಾಂಕಿನ ಕಂತನ್ನು ಕೇಳುತ್ತದೆ, ನಿಲ್ಲದಿರಬೇಕೆಂದು ಕೇಳುತ್ತದೆ. ಅದಕ್ಕೆ ಒಡೆಯನಾಗುವವನು ತನ್ನ ತಾತನಿಗೆ ಬೇಕಾಗಿದ್ದುದಕ್ಕಿಂತ ಬೇರೆಯದೇನನ್ನೋ ಬಯಸಬೇಕಾಗುತ್ತದೆ. ಬಯಸದೆ ಕೊಂಡವರಿಗೆ ಯಂತ್ರವೇ ಯಜಮಾನನಾಗುತ್ತದೆ. ತಾತನ ಕಡೆಗೆ ವಾಲಿದವರಿಗೂ ಈಗ ದಾರಿ ಸುಗಮವಾಗಿಲ್ಲ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶವೂ ಬಿಡದಿಯ ಮೋಟಾರು ಕಾರ್ಖಾನೆಗಳೂ ಬಾಣಲೆಯ ಮುಂದೆ ಕುಳಿತಿರಬಹುದಾಗಿದ್ದ ಕೈಗಳನ್ನು ಕರೆದುಕೊಂಡಿವೆ, ಕರೆದುಕೊಂಡುದು ಆ ಕೈಗಳ ಮಟ್ಟಿಗೆ ಒಳಿತೇ. ಬೆಂಗಳೂರು ದಕ್ಷಿಣಕ್ಕೆ ಹರಿದುಬಂದು ಹಿತ್ತಲಿನ ನೆಲಕ್ಕೆ ಒಲೆಗಿಂತ ಹೆಚ್ಚಿನ ಬೆಲೆ ಕಟ್ಟಿದೆ. ಷೆಡ್ಡನ್ನು ಬಾಡಿಗೆಗೆ ಕೊಟ್ಟು ಪರವಾನಗಿಯನ್ನು ಮಾತ್ರ ಉಳಿಸಿಕೊಂಡಿರುವವರುಂಟು. ಒಡೆತನದಿಂದ ಅವರಿಗೆ ಬೇಕಾಗಿರುವುದು ಇನ್ನು ಹೆಸರಷ್ಟೇ ಇರಬೇಕು.

ಯಂತ್ರಗಳು ಎಷ್ಟೇ ಬಂದರೂ ಪ್ರತಿ ಬೆಳೆಯಲ್ಲಿಯೂ ಒಂದಿಷ್ಟು ಜೋಡಿಗೂಡು, ಒಂದಿಷ್ಟು ಕಲೆಗೂಡು, ಒಂದಿಷ್ಟು ತೆಳುಗೂಡು ಉಳಿದೇ ಉಳಿಯುತ್ತವೆ. ದೊಡ್ಡವರು ಒಳ್ಳೆಯ ಲಾಟುಗಳಿಗೆ ಕೂಗಿ ಹೋದಮೇಲೆ ಆ ಕಡೆಯ ಗೂಡುಗಳನ್ನು ಅಗ್ಗಕ್ಕೆ ಕೊಳ್ಳುವುದಕ್ಕೆ ಚರಕದವರು ಇನ್ನೂ ಬರುತ್ತಾರೆ. ಅವರ ಸಂಖ್ಯೆ ಕಡಿಮೆಯಾಗಿದೆ, ವಯಸ್ಸು ಹೆಚ್ಚಾಗಿದೆ. ಹೊಕ್ಕಿಗೆ ಒರಟು ನೂಲು ಕೇಳುವ ಮಗ್ಗಗಳು ಎಲ್ಲಿಯವರೆಗೆ ಇರುತ್ತವೆಯೋ ಅಲ್ಲಿಯವರೆಗೆ ಅವರ ಕೂಗಿಗೂ ಆ ಮಾರುಕಟ್ಟೆಯಲ್ಲಿ ಬೆಲೆಯುಂಟು.